402 ಮೀಟರಿಗೆ ದುಡ್ಡು ಮೊದಲು ಎಲ್ಲಿ ಹಾಕುದು: ಟಯರಾ, ಮ್ಯಾಪಾ, ಇಂಟರ್‌ಕೂಲರಾ, ದೊಡ್ಡ ಟರ್ಬೋನಾ?

ಟರ್ಬೋ ಗಾಡಿ ತಗೊಂಡ ಮೇಲೆ ನಮ್ಮ ಊರಿನ ಹುಡುಗರದ್ದು ಎಲ್ಲರದ್ದೂ ಒಂದೇ ದಾರಿ. ಮೊದಲು ಸೈಲೆನ್ಸರ್, ಆಮೇಲೆ ಕೋನ್ ಟೈಪ್ ಏರ್ ಫಿಲ್ಟರ್, ಆಮೇಲೆ ಸ್ಟೇಜ್ ಒಂದು ರೀಮ್ಯಾಪ್ (ಬೇರೆ ಪಾರ್ಟ್ ಬದಲಾಯಿಸದೆ ಇಂಜಿನ್ ಕಂಪ್ಯೂಟರಿನ ಫೈಲ್ ಮಾತ್ರ ಬದಲು ಮಾಡುದು, ಮ್ಯಾಪ್ ಅಂದ್ರೂ ಅದೇ), ಇಷ್ಟೆಲ್ಲ ಆಗಿ ಕೈಯಲ್ಲಿ ಏನಾದ್ರೂ ಉಳಿದ್ರೆ ಟಯರ್. ಸುಮ್ಮನೆ ಸಂಜೆ ಹೊತ್ತು ಸುರತ್ಕಲ್ ತನಕ ಹೋಗಿ ಬರ್ಲಿಕ್ಕೆ, ಫ್ರೆಂಡ್ಸ್ ಹತ್ರ ಸೈಲೆನ್ಸರಿನ ಪಟಪಟ ಪಾಪ್ಸ್ ಬ್ಯಾಂಗ್ಸ್ ಕೇಳಿಸ್ಲಿಕ್ಕೆ ಇದು ಓಕೆ. ಆದ್ರೆ ಡ್ರ್ಯಾಗ್ ಸ್ಟ್ರಿಪ್ಪಲ್ಲಿ, ಅಂದ್ರೆ ನಿಂತಲ್ಲಿಂದ ಎದ್ದು ನೇರ 402 ಮೀಟರ್ ಓಡುವ ರೇಸಲ್ಲಿ, ಟೈಮ್ ಕಮ್ಮಿ ಆಗ್ಬೇಕು ಅನ್ನುದೇ ಗುರಿ ಆದ್ರೆ ಈ ಪಟ್ಟಿಯನ್ನ ಹೆಚ್ಚುಕಮ್ಮಿ ಉಲ್ಟಾ ಮಾಡ್ಬೇಕು ಅಂತ ನನ್ನ ವಾದ, ಅದು ಎಂತಕ್ಕೆ ಅಂತ ಒಂದೊಂದನ್ನೇ ಎದುರುಬದುರು ಇಟ್ಟು ನೋಡುವ.

ಮೊದಲು ಯಾವ ಗಾಡಿ ಅಂತ ಹೇಳಿ ಬಿಡ್ತೇನೆ, ಇಲ್ಲದಿದ್ರೆ ಯಾರಾದ್ರೂ ಟೊಯೊಟಾ ಸುಪ್ರಾ ತರದ ಸ್ಪೋರ್ಟ್ಸ್ ಕಾರಿನ ಲೆಕ್ಕ ಹಿಡ್ಕೊಂಡು ಬರ್ತಾರೆ. ಕೊಡಿಯಾಲ್‌ಬೈಲಿಂದ ಮಣಿಪಾಲದ ತನಕ ರಸ್ತೆಯಲ್ಲಿ ಕಾಣುವಂಥದ್ದೇ (ಪಿಎಸ್ ಅಂದ್ರೆ ಪವರ್, ಎನ್‌ಎಂ ಅಂದ್ರೆ ಟಾರ್ಕ್, ಎಳೆಯುವ ಬಲ): ಪೋಲೋ ಜಿಟಿ ಟಿಎಸ್‌ಐ, 105 ಪಿಎಸ್ 175 ಎನ್‌ಎಂ. ಐ20 ಎನ್ ಲೈನ್, 120 ಪಿಎಸ್ 172 ಎನ್‌ಎಂ. ವರ್ಟಸ್ ಅಥವಾ ಸ್ಲಾವಿಯಾ 1.5, 150 ಪಿಎಸ್ 250 ಎನ್‌ಎಂ. ವರ್ನಾ ಟರ್ಬೋ, 160 ಪಿಎಸ್ 253 ಎನ್‌ಎಂ. ಹಳೇ ಅಬಾರ್ಥ್ ಪುಂಟೋ ಇನ್ನೂ ಒಂದೆರಡು ಕಡೆ ಉಂಟು, ಅದು 145 ಪಿಎಸ್. ದೊಡ್ಡವರ ಹತ್ರ ಆಕ್ಟೇವಿಯಾ ವಿಆರ್‌ಎಸ್, 230 ಇಲ್ಲ 245. ಇದರಲ್ಲಿ ಒಂದು ಸಂಗತಿ ನೋಡಿ, ಎಲ್ಲವೂ ಮುಂದಿನ ಚಕ್ರದಿಂದ ಎಳೆಯುವ ಗಾಡಿಗಳು. ಈ ಒಂದು ಸಂಗತಿಯೇ ಮುಂದಿನ ಎಲ್ಲಾ ಲೆಕ್ಕವನ್ನ ಬದಲು ಮಾಡ್ತದೆ.

ಇನ್ನೊಂದು ಬೇಡದ ಸಂಗತಿಯೂ ಈಗಲೇ ಮುಗಿಸುವ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬಿಟ್ಟು ಗಾಡಿ ಬದಲು ಮಾಡುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ, 2019ರ ತಿದ್ದುಪಡಿ ಆದ್ಮೇಲೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಹಾಕ್ಬಹುದು. ರಸ್ತೆಯಲ್ಲಿ ರೇಸ್ ಮಾಡಿದ್ರೆ ಬೇರೆ ಸೆಕ್ಷನ್ನು, ಬೇರೆ ದಂಡ, ಜೈಲೂ ಉಂಟು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದ್ರೆ ಎಮಿಷನ್ ಟೆಸ್ಟಲ್ಲಿ ತಲೆನೋವು, ಇನ್ಶೂರೆನ್ಸಿನವರಿಗೆ ಹೇಳದೆ ಮಾಡಿದ್ರೆ ಕ್ಲೇಮ್ ಹೊತ್ತಿಗೆ ಅವರು ಕೈ ಎತ್ತಬಹುದು. ಇದೆಲ್ಲ ಗೊತ್ತಿದ್ದೇ ಮಾಡುವವರು ಮಾಡ್ತಾರೆ, ಆದ್ರೆ ಆಯ್ಕೆ ಮಾಡುವಾಗ "ಇದನ್ನ ವಾಪಸ್ ಸ್ಟಾಕ್, ಅಂದ್ರೆ ಕಂಪನಿಯಿಂದ ಬಂದ ಹಾಗೆ, ಮಾಡ್ಲಿಕ್ಕೆ ಎಷ್ಟು ಹೊತ್ತು ಬೇಕು" ಅನ್ನುವ ಪ್ರಶ್ನೆಯೂ ಲೆಕ್ಕದಲ್ಲಿ ಇರ್ಲಿ. ಹಾಗೇ, 66ರ ಹೈವೇ ಡ್ರ್ಯಾಗ್ ಸ್ಟ್ರಿಪ್ ಅಲ್ಲ ಮಾರಾಯ್ರೆ, ಪಡುಬಿದ್ರಿ ಕಡೆ ಎಲ್ಲಿಂದ ಯಾವಾಗ ಸ್ಕೂಟರ್ ರಾಂಗ್ ಸೈಡಲ್ಲಿ ಬರ್ತದೆ ಅಂತ ದೇವರಿಗೂ ಗೊತ್ತಿಲ್ಲ.

ಮೊದಲು ಒಂಚೂರು ಲೆಕ್ಕ

ಕ್ವಾರ್ಟರ್ ಮೈಲ್ ಅಂದ್ರೆ 402 ಮೀಟರ್. ಇದರ ಟೈಮಿಗೆ ಹಳೇ ಕಾಲದಿಂದ ಒಂದು ಅಂದಾಜು ಸೂತ್ರ ಉಂಟು, ತೂಕವನ್ನ ಪವರಿಂದ ಭಾಗಿಸಿ ಅದರ ಘನಮೂಲ ತೆಗೆದ್ರೆ ಟೈಮ್ ಆ ಪ್ರಮಾಣದಲ್ಲಿ ಹೋಗ್ತದೆ. ಘನಮೂಲ ಅಂದಕೂಡ್ಲೇ ಓಡಿ ಹೋಗ್ಬೇಡಿ, ಅದರ ಅರ್ಥ ಇಷ್ಟೇ: ಪವರ್ 10 ಪರ್ಸೆಂಟ್ ಜಾಸ್ತಿ ಮಾಡಿದ್ರೆ ಟೈಮ್ 10 ಪರ್ಸೆಂಟ್ ಕಮ್ಮಿ ಆಗುದಿಲ್ಲ, ಬರೀ 3 ಪರ್ಸೆಂಟ್ ಕಮ್ಮಿ ಆಗ್ತದೆ. 150 ಪಿಎಸ್ ವರ್ಟಸ್, ಒಬ್ಬ ಡ್ರೈವರ್ ಕೂತು ಸುಮಾರು 1340 ಕೆಜಿ ಅಂತ ಇಟ್ಕೊಂಡ್ರೆ 16 ಸೆಕೆಂಡಿನ ಆಸುಪಾಸು ಬರ್ತದೆ. ಅದಕ್ಕೆ 15 ಪಿಎಸ್ ಸೇರಿಸಿದ್ರೆ ಸಿಗುದು ಹೆಚ್ಚೆಂದ್ರೆ ಅರ್ಧ ಸೆಕೆಂಡು. 50 ಕೆಜಿ ತೂಕ ಇಳಿಸಿದ್ರೆ ಸುಮಾರು 0.2 ಸೆಕೆಂಡು.

ಈಗ ಇನ್ನೊಂದು ಕಡೆ ನೋಡಿ. ಡ್ರ್ಯಾಗಲ್ಲಿ ಮೊದಲ 60 ಅಡಿ ಅಂತ ಅಳೀತಾರೆ, ಅಂದ್ರೆ ಸುಮಾರು 18 ಮೀಟರ್. ಅಲ್ಲಿ 0.1 ಸೆಕೆಂಡು ಉಳಿಸಿದ್ರೆ ಕೊನೆಯಲ್ಲಿ ಸುಮಾರು 0.15, ಕೆಲವು ಗಾಡಿಗೆ 0.2 ತನಕ ಉಳೀತದೆ. ಮುಂದಿನ ಚಕ್ರದ ಗಾಡಿ ಸಾದಾ ಟಯರಲ್ಲಿ ಎರಡು ಚಕ್ರವೂ ತಿರುಗಿಸ್ಕೊಂಡು ಎದ್ರೆ 60 ಅಡಿಗೆ 2.5 ಸೆಕೆಂಡು ತಗೊಳ್ಳುದು ಏನೂ ದೊಡ್ಡ ಸಂಗತಿ ಅಲ್ಲ. ಅದೇ ಗಾಡಿ ಒಳ್ಳೇ ಟಯರು, ಸರಿಯಾದ ಗಾಳಿ, ಸರಿಯಾದ ಲಾಂಚ್ (ನಿಂತಲ್ಲಿಂದ ಏಳುದು) ಸಿಕ್ಕಿ 2.2ಕ್ಕೆ ಬಂದ್ರೆ ಕೊನೆಯಲ್ಲಿ ಹತ್ತಿರ ಹತ್ತಿರ ಅರ್ಧ ಸೆಕೆಂಡು. ಅಂದ್ರೆ 15 ಪಿಎಸ್ ಕೊಟ್ಟ ಲಾಭವೇ, ಇಂಜಿನಿನ ಒಂದು ಬೋಲ್ಟ್ ಕೂಡ ಬಿಚ್ಚದೆ. ಕಂಬಳ ನೋಡಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾದ್ದಿಲ್ಲ, ಓಟ ಶುರುವಾಗುವ ಗಂತಿನಲ್ಲಿ ಜೋಡಿ ಸರಿ ಏಳದಿದ್ರೆ ಓಟ ಮುಗಿಯುವ ಮಂಜೊಟ್ಟಿಗೆ ಎಷ್ಟು ಜೋರಾಗಿ ಬಂದ್ರೂ ಟೈಮ್ ಹೋದದ್ದು ಹೋಯ್ತು.

ಟಯರ್: ರಸ್ತೆದ್ದಾ, ಸೆಮಿ ಸ್ಲಿಕ್ಕಾ

ಅದಕ್ಕೇ ನನ್ನ ಲೆಕ್ಕದಲ್ಲಿ ಮೊದಲ ದುಡ್ಡು ಟಯರಿಗೆ. ಪ್ರಶ್ನೆ ಯಾವುದು ಅನ್ನುದು. ಒಂದು ಆಯ್ಕೆ ಒಳ್ಳೇ ರಸ್ತೆ ಟಯರು, ಮಿಶಲಿನ್ ಪೈಲಟ್ ಸ್ಪೋರ್ಟ್ 4 ನಮೂನೆಯದ್ದು. ಇನ್ನೊಂದು ಗ್ರೂವ್ ಕಮ್ಮಿ ಇರುವ ರೇಸ್ ನಮೂನೆಯ ಸೆಮಿ ಸ್ಲಿಕ್, ಟೊಯೊ ಆರ್888ಆರ್ ತರದ್ದು. ಒಣ ನೆಲದಲ್ಲಿ ಬಿಸಿ ಆದ ಸೆಮಿ ಸ್ಲಿಕ್ಕಿನ ಹಿಡಿತ ಬೇರೆಯೇ, ಅದರಲ್ಲಿ ಡೌಟ್ ಇಲ್ಲ. ಆದ್ರೆ ನಾವಿರುದು ಎಲ್ಲಿ? ಜೂನಿಂದ ಸೆಪ್ಟೆಂಬರ್ ತನಕ ಆಕಾಶವೇ ಕಳಚಿ ಬೀಳುವ ಹಾಗೆ ಮಳೆ ಸುರಿಯುವ ಊರಲ್ಲಿ. ಪಂಪ್‌ವೆಲ್ ಫ್ಲೈಓವರ್ ಅಡಿಯಲ್ಲಿ ನೀರು ನಿಂತ ದಿನ ಸೆಮಿ ಸ್ಲಿಕ್ಕಲ್ಲಿ ಹೋದ್ರೆ ಗಾಡಿ ನೀರಿನ ಮೇಲೆ ದೋಣಿ. ಗ್ರೂವ್ ಕಮ್ಮಿ ಇರುವ ಟಯರು ನೀರನ್ನ ಹೊರಗೆ ತಳ್ಳುದಿಲ್ಲ, ಅಷ್ಟೇ ವಿಷಯ.

ಹಾಗಾಗಿ ಒಂದೇ ಸೆಟ್ ಇಟ್ಕೊಳ್ಳುವವರು ಕಣ್ಣು ಮುಚ್ಚಿ ರಸ್ತೆ ಟಯರ್ ತಗೊಳ್ಳಿ. ಸೆಮಿ ಸ್ಲಿಕ್ ಬೇಕೇ ಬೇಕು ಅಂದ್ರೆ ಬೇರೆ ಒಂದು ಜೊತೆ ರಿಮ್ಮಿಗೆ ಹಾಕಿಸಿ ಮನೆಯಲ್ಲಿ ಇಡಿ, ಮುಂದಿನ ಎರಡಕ್ಕೆ ಸಾಕು, ಎಳೆಯುದು ಮುಂದಿನದ್ದೇ ಅಲ್ವಾ. ರಿಮ್ಮನ್ನ ದೊಡ್ಡದು ಮಾಡ್ಲಿಕ್ಕೆ ಹೋಗ್ಬೇಡಿ. 18 ಇಂಚಿನ ಅಲಾಯ್ ಫೋಟೋದಲ್ಲಿ ಚಂದ, ಆದ್ರೆ ಅದು ಭಾರ, ಸೈಡ್‌ವಾಲ್ (ಟಯರಿನ ಬದಿ) ಗಿಡ್ಡ, ಲಾಂಚಲ್ಲಿ ಟಯರ್ ಮಡಚಿಕೊಂಡು ನೆಲ ಹಿಡಿಯುದೇ ಇಲ್ಲ. ಡ್ರ್ಯಾಗಿಗೆ ಚಿಕ್ಕ ರಿಮ್ಮು, ಎತ್ತರದ ಸೈಡ್‌ವಾಲ್. ಪೋಲೋಗೆ 15 ಇಂಚೇ ಸಾಕು.

ಇನ್ನು ಧರ್ಮಕ್ಕೆ ಸಿಗುವ ಸಂಗತಿ ಒಂದುಂಟು. ಗಾಡಿ ಏಳುವಾಗ ಭಾರ ಹಿಂದಕ್ಕೆ ಹೋಗ್ತದೆ, ಮುಂದಿನ ಚಕ್ರ ಹಗುರ ಆಗ್ತದೆ, ನಮ್ಮ ಗಾಡಿಗಳ ಶಾಪವೇ ಅದು. ಮುಂದಿನ ಟಯರಲ್ಲಿ ಗಾಳಿ ಸ್ವಲ್ಪ ಇಳಿಸಿ, ಹಿಂದಿನದ್ದಕ್ಕೆ ಜಾಸ್ತಿ ಹಾಕಿ, ಹಿಂದೆ ಉರುಳುವ ಘರ್ಷಣೆಯೂ ಕಮ್ಮಿ. ಒಂದೊಂದು ಪಿಎಸ್‌ಐ ಇಳಿಸ್ತಾ 60 ಅಡಿ ಟೈಮ್ ನೋಡ್ತಾ ಹೋಗಿ, ಒಂದು ಕಡೆ ಸುಧಾರಿಸುದು ನಿಲ್ತದೆ, ಅಲ್ಲಿಗೆ ಸಾಕು. ರನ್ ಮುಗಿಸಿ ವಾಪಸ್ ರಸ್ತೆಗೆ ಇಳಿಯುವ ಮೊದಲು ಗಾಳಿ ಹಾಕಿಸ್ಲಿಕ್ಕೆ ಮರೀಬೇಡಿ. ನಮ್ಮ ದೇಶದ ಹೆಚ್ಚಿನ ಸ್ಟ್ರಿಪ್ಪು ಅಂದ್ರೆ ಏರ್‌ಸ್ಟ್ರಿಪ್ ಇಲ್ಲ ಸರ್ಕ್ಯೂಟಿನ ಮೇನ್ ಸ್ಟ್ರೈಟ್, ಅಮೆರಿಕದ ವಿಡಿಯೋದಲ್ಲಿ ನೋಡುವ ಹಾಗೆ ಅಂಟು ಹಾಕಿದ ಟ್ರ್ಯಾಕ್ ಅಲ್ಲ. ಹಾಗಾಗಿ ಅವರ ಟಯರ್ ಲೆಕ್ಕವನ್ನ ಹಾಗೇ ಇಲ್ಲಿಗೆ ತರ್ಲಿಕ್ಕೆ ಆಗುದಿಲ್ಲ.

ಟ್ಯೂನಿಂಗ್ ಬಾಕ್ಸಾ, ರೀಮ್ಯಾಪಾ

ಇದು ಎಲ್ಲರೂ ಕೇಳುವ ಪ್ರಶ್ನೆ. ಬಾಕ್ಸ್ ಎಂತ ಮಾಡ್ತದೆ ಅಂದ್ರೆ ಬೂಸ್ಟ್ (ಟರ್ಬೋ ಇಂಜಿನಿಗೆ ಅದುಮುವ ಗಾಳಿಯ ಒತ್ತಡ) ಸೆನ್ಸರಿಂದ ಇಸಿಯುಗೆ (ಇಂಜಿನ್ ಕಂಪ್ಯೂಟರ್) ಹೋಗುವ ಸಿಗ್ನಲ್ಲನ್ನ ನಡುವೆ ಹಿಡಿದು ಸುಳ್ಳು ಹೇಳ್ತದೆ. ಬೂಸ್ಟ್ ಕಮ್ಮಿ ಉಂಟು ಅಂತ ಇಸಿಯುಗೆ ಅನಿಸ್ತದೆ, ಅದು ಜಾಸ್ತಿ ಬೂಸ್ಟ್ ಕೊಡ್ತದೆ. ಅಷ್ಟೇ. ಇಗ್ನಿಷನ್ ಟೈಮಿಂಗು, ಟಾರ್ಕ್ ಲಿಮಿಟು, ಗೇರ್‌ಬಾಕ್ಸಿನ ಲೆಕ್ಕ, ಇದೆಲ್ಲ ಹಳೇದೇ. ಒಳ್ಳೇದು ಎಂತ ಅಂದ್ರೆ ಅರ್ಧ ಗಂಟೆಯಲ್ಲಿ ಹಾಕ್ಬಹುದು, ಸರ್ವಿಸಿಗೆ ಹೋಗುವ ಮೊದಲು ತೆಗೀಬಹುದು, ಗಾಡಿ ಮಾರುವಾಗ ಬಾಕ್ಸ್ ಬೇರೆ ಮಾರ್ಬಹುದು.

ರೀಮ್ಯಾಪ್ ಅಂದ್ರೆ ಇಸಿಯು ಒಳಗಿನ ಫೈಲೇ ಬದಲು. ಬೂಸ್ಟು, ಟೈಮಿಂಗು, ಫ್ಯುಯಲ್ಲು, ಟಾರ್ಕ್ ಲಿಮಿಟರ್ ಎಲ್ಲವನ್ನೂ ಒಟ್ಟಿಗೆ ಹೊಂದಿಸ್ತಾರೆ. ಡ್ರ್ಯಾಗಿಗೆ ಇದೇ ಸರಿ, ಅದರಲ್ಲಿ ಚರ್ಚೆ ಇಲ್ಲ. ಆದ್ರೆ ವಾರಂಟಿ ಇರುವ ಗಾಡಿ ಆದ್ರೆ ಯೋಚಿಸಿ, ಫೋಕ್ಸ್‌ವ್ಯಾಗನ್ ಗ್ರೂಪಿನ ಗಾಡಿಯಲ್ಲಿ ಫ್ಲ್ಯಾಶ್ ಮಾಡಿದ್ದು ಕಂಪನಿಯ ಸಿಸ್ಟಮಿಗೆ ಗೊತ್ತಾದ್ರೆ ಟಿಡಿ1 ಅಂತ ಒಂದು ಗುರುತು ಹಾಕ್ತಾರೆ, ಆಮೇಲೆ ಇಂಜಿನ್ ಗೇರ್‌ಬಾಕ್ಸಿನ ಕ್ಲೇಮ್ ಲಗಾಡಿ ಹೋಯ್ತು ಅಂತ ಲೆಕ್ಕ. ವಾಪಸ್ ಸ್ಟಾಕ್ ಫೈಲ್ ಹಾಕಿದ್ರೆ ಗೊತ್ತಾಗುದಿಲ್ಲ ಅಂತ ಹೇಳುವವರು ಇದ್ದಾರೆ, ನಂಬಿ ಕೂರ್ಬೇಡಿ. ವಾರಂಟಿ ಇನ್ನೂ ಎರಡು ವರ್ಷ ಉಂಟು, ಇಎಂಐ ಕಟ್ತಾ ಇದ್ದೀರಿ ಅಂತಾದ್ರೆ ಬಾಕ್ಸೂ ಬೇಡ ಮ್ಯಾಪೂ ಬೇಡ, ಟಯರ್ ಮತ್ತೆ ಪ್ರಾಕ್ಟೀಸು.

ರೀಮ್ಯಾಪ್ ಮಾಡಿಸುದೇ ಹೌದು ಅಂತಾದ್ರೆ ಟ್ಯೂನರ್ ಹತ್ರ ಎಂತ ಕೇಳ್ಬೇಕು ಅನ್ನುದು ಮುಖ್ಯ, ಇಲ್ಲಿಯೇ ಜಾಸ್ತಿ ಜನ ತಪ್ಪುದು. ಎಲ್ಲರೂ ಕೇಳುದು "ಟಾರ್ಕ್ ಎಷ್ಟು ಬರ್ತದೆ" ಅಂತ. ಅವನೂ ಖುಷಿಯಲ್ಲಿ 2000 ಆರ್‌ಪಿಎಮ್ಮಲ್ಲಿ 300 ಎನ್‌ಎಂ ತೋರಿಸುವ ಗ್ರಾಫ್ ಕೊಡ್ತಾನೆ, ಓಡಿಸಿದ್ರೆ ಬೆನ್ನಿಗೆ ಗುದ್ದಿದ ಹಾಗೆ ಆಗ್ತದೆ, ಗಮ್ಮತ್ತು. ಆದ್ರೆ ಡ್ರ್ಯಾಗಲ್ಲಿ ಲಾಂಚ್ ಆದ್ಮೇಲೆ ಇಂಜಿನ್ 2000ಕ್ಕೆ ಇಳಿಯುದೇ ಇಲ್ಲ, 4500ರಿಂದ 6500ರ ನಡುವೆಯೇ ಓಡುದು. ಅಲ್ಲಿ ಟಾರ್ಕ್ ಎಷ್ಟು ಹೊತ್ತು ನಿಲ್ತದೆ ಅನ್ನುದೇ ಟೈಮು. ಕೆಳಗಿನ ಟಾರ್ಕಿಂದ ಆಗುದು ಎರಡೇ ಕೆಲಸ, ಒಂದು ಮೊದಲ ಗೇರಲ್ಲಿ ಟಯರ್ ತಿರುಗ್ತದೆ, ಇನ್ನೊಂದು ಚಿಕ್ಕ ಡೈರೆಕ್ಟ್ ಇಂಜೆಕ್ಷನ್ ಇಂಜಿನಲ್ಲಿ ಕಮ್ಮಿ ಆರ್‌ಪಿಎಮ್ಮಲ್ಲಿ ಜಾಸ್ತಿ ಲೋಡ್ ಬಿದ್ರೆ ಸ್ಪಾರ್ಕ್ ಬರುವ ಮೊದಲೇ ಉರಿಯುವ ಸಮಸ್ಯೆ, ಎಲ್‌ಎಸ್‌ಪಿಐ ಅಂತಾರಲ್ಲ, ಅದು ಪಿಸ್ಟನನ್ನೇ ತಿನ್ನುದು. ಹಾಗಾಗಿ ಹೇಳ್ಬೇಕಾದ್ದು ಹೀಗೆ: 3000ದ ಕೆಳಗೆ ಟಾರ್ಕ್ ಹಿಡಿದಿಡಿ, ಮೊದಲ ಎರಡು ಗೇರಿಗೆ ಲಿಮಿಟ್ ಇರ್ಲಿ, ಮೇಲೆ ಎಷ್ಟು ಆಗ್ತದೋ ಅಷ್ಟು ಚಪ್ಪಟೆ ಕೊಡಿ. ಇಂಜಿನ್ ಆಯಿಲ್ ಎಪಿಐ ಎಸ್‌ಪಿ ಗ್ರೇಡಿನದ್ದು ಹಾಕಿ, ಆದ್ರೆ ಕಂಪನಿ ಹೇಳಿದ ಅಪ್ರೂವಲ್ಲೂ ಅದರ ಡಬ್ಬದ ಮೇಲೆ ಇರ್ಬೇಕು. ಸ್ಪಾರ್ಕ್ ಪ್ಲಗ್ ಒಂದು ಹೀಟ್ ರೇಂಜ್ ಕೋಲ್ಡ್ (ಬಿಸಿಯನ್ನ ಬೇಗ ಬಿಡುವಂಥದ್ದು) ತಗೊಳ್ಳಿ, ಇದು ಸಣ್ಣ ದುಡ್ಡಿನ ಕೆಲಸ.

ಇನ್ನೊಂದು ನಮ್ಮ ಕರಾವಳಿಯವರಿಗೇ ಇರುವ ಸಂಗತಿ. ಇಲ್ಲಿಯ ಜಾಸ್ತಿ ಜನ ಮ್ಯಾಪ್ ಮಾಡಿಸ್ಲಿಕ್ಕೆ ಬೆಂಗಳೂರಿಗೆ ಹೋಗ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲೆ, ಸಂಜೆ ಹೊತ್ತು ಗಾಳಿ ತಂಪು, ಒಣ. ಅಲ್ಲಿ ಲಾಗ್ (ಓಡಿಸುವಾಗ ಇಸಿಯುನಿಂದ ತೆಗೆದ ದಾಖಲೆ) ಎಲ್ಲ ಚಂದ ಕಾಣ್ತದೆ. ಶಿರಾಡಿ ಇಳಿದು ಇಲ್ಲಿಗೆ ಬಂದ್ರೆ 34 ಡಿಗ್ರಿ, ಬೆವರು ಒರೆಸ್ಲಿಕ್ಕೂ ಪುರುಸೊತ್ತಿಲ್ಲದ ಸೆಕೆ, ಗಾಳಿಯಲ್ಲಿ 3ರಿಂದ 4 ಪರ್ಸೆಂಟ್ ಜಾಗ ನೀರಿನ ಆವಿಯೇ ತಗೊಂಡಿರ್ತದೆ. ಗಾಳಿಯ ಒತ್ತಡ ಇಲ್ಲಿ ಜಾಸ್ತಿ ಅನ್ನುದು ಲಾಭವೇ, ಟರ್ಬೋ ಅಷ್ಟು ಕಷ್ಟಪಡ್ಬೇಕಾಗಿಲ್ಲ, ಆದ್ರೆ ಬಿಸಿಗೆ ನಾಕ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿ ಸಿಡಿಯುದು) ಬೇಗ ಬರ್ತದೆ. ಹಾಗಾಗಿ ಊರಿಗೆ ಬಂದ ಮೇಲೆ ಇಲ್ಲಿಯ ಸೆಕೆಯಲ್ಲಿ, ಇಲ್ಲಿಯ ಪೆಟ್ರೋಲಲ್ಲಿ ಒಮ್ಮೆ ಲಾಗ್ ತೆಗೆದು ಕಳಿಸಿ ಫೈಲ್ ಸರಿ ಮಾಡಿಸುವ ಮಾತನ್ನ ದುಡ್ಡು ಕೊಡುವ ಮೊದಲೇ ಆಡಿ. ನಾನು ಇಬ್ಬರು ಟ್ಯೂನರ್‌ಗಳ ನಡುವೆ ಆರಿಸುದಾದ್ರೆ 10 ಪಿಎಸ್ ಜಾಸ್ತಿ ಹೇಳಿದವನಿಗಿಂತ ಆಮೇಲೆ ಫೋನ್ ಎತ್ತುವವನನ್ನ ಆರಿಸ್ತೇನೆ.

ಪೆಟ್ರೋಲಿನ ಮಾತು ಬಂತಲ್ಲ. ಈಗ ಬಂಕಲ್ಲಿ ಸಿಗುದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್. ಇದಕ್ಕೆ ಬೈಯುವವರೇ ಜಾಸ್ತಿ, ಮೈಲೇಜ್ ವಿಷಯದಲ್ಲಿ ಬೈಗುಳ ಸರಿಯೂ ಹೌದು, ಆದ್ರೆ ಟರ್ಬೋ ಟ್ಯೂನಿಂಗಿಗೆ ಎಥನಾಲ್ ಶತ್ರು ಅಲ್ಲ, ನಾಕ್ ತಡೀತದೆ, ಆವಿ ಆಗುವಾಗ ಗಾಳಿಯನ್ನ ತಂಪೂ ಮಾಡ್ತದೆ. ಬದಲಿಗೆ ಫ್ಯುಯಲ್ ಜಾಸ್ತಿ ಬೇಕು, ಸಾದಾ ಪೆಟ್ರೋಲಿಗೆ ಗಾಳಿ ಅನುಪಾತ 14.7 ಆದ್ರೆ ಇ20ಗೆ 13.5ರ ಹತ್ತಿರ. ಹಳೇ ಪೋಲೋ, ಪುಂಟೋ ಇಟ್ಟವರು ರಬ್ಬರ್ ಪೈಪು, ಸೀಲ್ ಎಲ್ಲ ಒಮ್ಮೆ ನೋಡಿಸಿ. ಹಂಡ್ರೆಡ್ ಆಕ್ಟೇನಿಗೆ ಮ್ಯಾಪ್ ಮಾಡಿಸುವ ಆಸೆ ಇದ್ರೆ ಅದು ನಿಮಗೆ ದಿನಾ ಸಿಗ್ತದಾ ಅಂತ ಮೊದಲು ನೋಡ್ಕೊಳ್ಳಿ. ಮನೆ ಬಾಗಿಲಲ್ಲೇ ಎಂಆರ್‌ಪಿಎಲ್ ಅಷ್ಟು ದೊಡ್ಡ ರಿಫೈನರಿ ಇಟ್ಕೊಂಡು ಒಳ್ಳೇ ಪೆಟ್ರೋಲಿಗೆ ಬಂಕ್ ಬಂಕ್ ಹುಡುಕುದು ನಮ್ಮ ಹಣೆಬರಹ. ಸುಲಭದಲ್ಲಿ ಸಿಗುವ ಪೆಟ್ರೋಲಿಗೇ ಮ್ಯಾಪ್ ಮಾಡಿಸಿ.

ಇಂಟರ್‌ಕೂಲರಾ, ಡೌನ್‌ಪೈಪಾ

ಇಂಟರ್‌ಕೂಲರ್ ಅಂದ್ರೆ ಟರ್ಬೋದಿಂದ ಬರುವ ಬಿಸಿ ಗಾಳಿಯನ್ನ ತಂಪು ಮಾಡುವ ರೇಡಿಯೇಟರ್, ಡೌನ್‌ಪೈಪ್ ಅಂದ್ರೆ ಟರ್ಬೋದ ಹಿಂದೆಯೇ ಇರುವ ಮೊದಲ ಹೊಗೆ ಪೈಪ್. ಸ್ಟೇಜ್ ಒಂದು ಆದ್ಮೇಲೆ ಮುಂದಿನ ದುಡ್ಡು ಇವೆರಡರಲ್ಲಿ ಯಾವುದಕ್ಕೆ? ಬೇರೆ ಊರಿನವರು ಡೌನ್‌ಪೈಪ್ ಅಂತಾರೆ, ನಾನು ಮಂಗಳೂರಲ್ಲಿ ಕೂತು ಇಂಟರ್‌ಕೂಲರ್ ಅಂತೇನೆ.

ಲೆಕ್ಕ ಹೀಗೆ. 35 ಡಿಗ್ರಿಯ ಗಾಳಿಯನ್ನ ಟರ್ಬೋ 1 ಬಾರ್ ಬೂಸ್ಟಿಗೆ ಅದುಮಿದ್ರೆ ಹೊರಗೆ ಬರುವಾಗ ಅದು 130 ಡಿಗ್ರಿ ಹತ್ತಿರ ಇರ್ತದೆ. ಇಂಟರ್‌ಕೂಲರ್ ಅದನ್ನ ಇಳಿಸ್ಬೇಕು. ಗಾಳಿ 10 ಡಿಗ್ರಿ ಬಿಸಿ ಇದ್ರೆ ಅದರ ಸಾಂದ್ರತೆ ಸುಮಾರು 3 ಪರ್ಸೆಂಟ್ ಕಮ್ಮಿ, ಅದು ಸಾಲದು ಅಂತ ನಾಕ್ ಬಂದ್ರೆ ಇಸಿಯು ಟೈಮಿಂಗ್ ಹಿಂದೆ ಎಳೀತದೆ, ಇನ್ನಷ್ಟು ಪವರ್ ಹೋಯ್ತು. ಲೈನಲ್ಲಿ ನಿಂತು, ಬಿಸಿಲಲ್ಲಿ ಕಾದು, ಮುಂದಿನ ಗಾಡಿಯ ಹೊಗೆ ಕುಡಿದು ಸ್ಟಾರ್ಟ್ ಲೈನಿಗೆ ಬರುವಾಗ ಇಂಟರ್‌ಕೂಲರ್ ಕಾದ ಕಾವಲಿ ಆಗಿರ್ತದೆ. ಮೊದಲ ರನ್ ಒಳ್ಳೇದು, ಎರಡನೇದು ಸುಮಾರು, ಮೂರನೇದು ಬೇಡವೇ ಬೇಡ, ಈ ಕಥೆ ಕೇಳಿದ್ದೀರಲ್ಲ? ಅದು ಇದೇ.

ಆದ್ರೆ ಎಲ್ಲಾ ಗಾಡಿಗೂ ಇಂಟರ್‌ಕೂಲರ್ ಬದಲಾಯಿಸುದು ಒಂದೇ ತರ ಅಲ್ಲ. ಐ20 ಎನ್ ಲೈನ್, ವಿಆರ್‌ಎಸ್ ಇವಕ್ಕೆಲ್ಲ ಗಾಳಿಯಿಂದ ಗಾಳಿಗೆ ತಂಪು ಮಾಡುವ ಇಂಟರ್‌ಕೂಲರ್, ದೊಡ್ಡದು ತಂದು ಕೂರಿಸಿದ್ರೆ ಆಯ್ತು. ಈಗಿನ 1.0 ಮತ್ತು 1.5 ಟಿಎಸ್‌ಐ ಇಂಜಿನಲ್ಲಿ ಹಾಗಲ್ಲ, ಅಲ್ಲಿ ನೀರಿನಿಂದ ತಂಪು ಮಾಡುದು, ಅದಕ್ಕೇ ಬೇರೆ ಸಣ್ಣ ರೇಡಿಯೇಟರ್, ಬೇರೆ ಪಂಪ್. ದಿನಾ ಓಡಿಸ್ಲಿಕ್ಕೆ ಇದು ಸೂಪರ್, ಪೈಪ್ ಗಿಡ್ಡ, ಲ್ಯಾಗ್ ಕಮ್ಮಿ. ಆದ್ರೆ ಒಮ್ಮೆ ಆ ನೀರು ಬಿಸಿ ಆಯ್ತು ಅಂದ್ರೆ ಇಳಿಯುದು ನಿಧಾನ. ಈ ಗಾಡಿಗಳಿಗೆ ದುಡ್ಡು ಹಾಕುದಾದ್ರೆ ಮುಂದಿನ ರೇಡಿಯೇಟರ್ ಸುಧಾರಿಸುದಕ್ಕೆ ಹಾಕಿ, ಇಲ್ಲದಿದ್ರೆ ದುಡ್ಡಿಲ್ಲದ ಉಪಾಯ: ರನ್‌ಗಳ ನಡುವೆ ಬಾನೆಟ್ ತೆಗೆದಿಟ್ಟು ಕಾಯುದು, ಇಗ್ನಿಷನ್ ಆನ್ ಇಟ್ಟು ಪಂಪ್ ಓಡ್ತದಾ ಅಂತ ನೋಡುದು, ಲೈನಲ್ಲಿ ಎಸಿ ಆಫ್. ಸ್ಟೀರಿಂಗ್ ಅಡಿಯ ಒಬಿಡಿ ಸಾಕೆಟ್ಟಿಗೆ ಒಂದು ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದ್ರೆ ಇನ್‌ಟೇಕ್ ಟೆಂಪರೇಚರ್ ಫೋನಲ್ಲೇ ಕಾಣ್ತದೆ, ಆ ನಂಬರ್ ಇಳಿಯದೆ ಲೈನಿಗೆ ಹೋಗ್ಬೇಡಿ.

ಡೌನ್‌ಪೈಪ್ ಕೆಲಸ ಮಾಡುದಿಲ್ಲ ಅಂತ ಅಲ್ಲ. ಟರ್ಬೋದ ಹಿಂದೆ ಹೊಗೆ ಬೇಗ ಹೊರಗೆ ಹೋದ್ರೆ ಟರ್ಬೋ ಬೇಗ ತಿರುಗ್ತದೆ, ಮೇಲಿನ ಆರ್‌ಪಿಎಮ್ಮಲ್ಲಿ ಉಸಿರು ಕಟ್ಟುದಿಲ್ಲ. ವಿಆರ್‌ಎಸ್ ತರದ 2 ಲೀಟರಿಗೆ ಒಳ್ಳೇ ಲಾಭ, ಅದಕ್ಕೊಂದಕ್ಕೆ ಇಂಟರ್‌ಕೂಲರಿಗಿಂತ ಮೊದಲು ಇದೇ ಬರ್ಲಿ. ಒಂದು ಲೀಟರ್ ಗಾಡಿಗೆ ಖರ್ಚು, ಶಬ್ದ, ಪೊಲೀಸರು, ಎಮಿಷನ್ ಟೆಸ್ಟು ಎಲ್ಲಾ ಸೇರಿಸಿದ್ರೆ ನನಗೆ ಲೆಕ್ಕ ಕೂಡುದಿಲ್ಲ. ಇನ್ನು ಟರ್ಬೋದ ಹಿಂದಿನ ಸೈಲೆನ್ಸರ್ ಒಂದನ್ನೇ ಬದಲಾಯಿಸುದು ಬರೀ ಕಿವಿಗೆ. ಕೋನ್ ಫಿಲ್ಟರ್ ಕೂಡ ಹೀಟ್ ಶೀಲ್ಡ್ ಇಲ್ಲದೆ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುದು, ನಮ್ಮ ಸೆಕೆಯಲ್ಲಿ ಸ್ಟಾಕ್ ಬಾಕ್ಸಿಗಿಂತ ಕಡೆ.

ಒಳಗೆ ಹೋಗುವ ಗಾಳಿಗೆ ನೀರು, ಮೆಥನಾಲ್ ಸಿಂಪಡಿಸಿ ತಂಪು ಮಾಡುವ ವಾಟರ್ ಮೆಥನಾಲ್ ಇಂಜೆಕ್ಷನ್ ಒಂದುಂಟು, ನಮ್ಮ ಹವೆಗೆ ಹೇಳಿ ಮಾಡಿಸಿದ್ದು, ಆದ್ರೆ ಟ್ಯಾಂಕ್ ಖಾಲಿ ಆದದ್ದು ಗೊತ್ತಾಗದೆ ಅದೇ ಮ್ಯಾಪಲ್ಲಿ ಓಡಿಸಿದ್ರೆ ಇಂಜಿನ್ ಕಥೆ ಮುಗೀತು. ಟ್ಯಾಂಕ್ ಖಾಲಿ ಆದ್ರೆ ತಾನೇ ಬೂಸ್ಟ್ ಇಳಿಸುವ ಫೇಲ್‌ಸೇಫ್ ಇಲ್ಲದ ಕಿಟ್ ಬೇಡ. ನೈಟ್ರಸ್ ಬಗ್ಗೆ ನಾನು ಮಾತಾಡುದಿಲ್ಲ, ಬೀದಿ ಗಾಡಿಗೆ ಅದು ಬೇಡ.

ಗೇರ್‌ಬಾಕ್ಸ್ ಹೇಳಿದ್ದನ್ನ ಕೇಳಿ

ಇಂಜಿನ್ ಎಷ್ಟು ಕೊಡ್ತದೆ ಅನ್ನುದಕ್ಕಿಂತ ಗೇರ್‌ಬಾಕ್ಸ್ ಎಷ್ಟು ತಡೀತದೆ ಅನ್ನುದು ಮೊದಲು ನೋಡ್ಬೇಕು. ಪೋಲೋ ಜಿಟಿ ಟಿಎಸ್‌ಐ, ವರ್ಟಸ್ 1.5 ಎರಡರಲ್ಲೂ ಇರುವ 7 ಸ್ಪೀಡ್ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಡಿಕ್ಯೂ200, ಎಣ್ಣೆಯಲ್ಲಿ ಮುಳುಗದ ಡ್ರೈ ಕ್ಲಚ್ಚಿಂದು, ಕಂಪನಿ ಲೆಕ್ಕದಲ್ಲಿ 250 ಎನ್‌ಎಂ ಅದರ ಮಿತಿ. ಈಗ ಗಮ್ಮತ್ತು ನೋಡಿ: ಪೋಲೋ ಸ್ಟಾಕಲ್ಲಿ 175 ಎನ್‌ಎಂ, ಹಾಗಾಗಿ ರೀಮ್ಯಾಪಿಗೆ ಜಾಗ ಉಂಟು. ವರ್ಟಸ್ ಸ್ಟಾಕಲ್ಲೇ 250, ಅಂದ್ರೆ ಮೊದಲ ದಿನದಿಂದಲೇ ಮಿತಿಯಲ್ಲಿ ನಿಂತಿದೆ. ಅದಕ್ಕೆ 300 ದಾಟಿಸುವ ಮ್ಯಾಪ್ ಹಾಕಿ ಸ್ಟ್ರಿಪ್ಪಲ್ಲಿ ಮತ್ತೆ ಮತ್ತೆ ಲಾಂಚ್ ಮಾಡಿದ್ರೆ ಕ್ಲಚ್ ಸುಟ್ಟ ವಾಸನೆ ಮಾತ್ರ ಗ್ಯಾರಂಟಿ. ಎಷ್ಟೋ ಜನರ ಡಿಎಸ್‌ಜಿ 400 ಎನ್‌ಎಂ ತಡೀತಾ ಉಂಟು ಅಂತ ಹೇಳಿಕೊಳ್ತಾರೆ, ಎಷ್ಟು ದಿನ ಅಂತ ಹೇಳುದಿಲ್ಲ.

ಮ್ಯಾನುವಲ್ ವರ್ಟಸ್ ಆದ್ರೆ ಕ್ಲಚ್ ಒಂದು ಗಟ್ಟಿಯದ್ದು ಹಾಕಿದ್ರೆ ಸಮಸ್ಯೆ ಹೆಚ್ಚುಕಮ್ಮಿ ಮುಗೀತು. ಆದ್ರೆ ಮ್ಯಾನುವಲಲ್ಲಿ ಒಂದೊಂದು ಶಿಫ್ಟಿಗೆ ಸಾದಾ ಡ್ರೈವರ್ 0.3ರಿಂದ 0.5 ಸೆಕೆಂಡ್ ಕಳ್ಕೊಳ್ತಾನೆ, ಆ ಹೊತ್ತಲ್ಲಿ ಬೂಸ್ಟೂ ಇಳೀತದೆ. 402 ಮೀಟರ್ ಮುಗಿಯುವಾಗ ಯಾವ ಗೇರಲ್ಲಿ ಇದ್ದೀರಿ ಅಂತ ಒಮ್ಮೆ ಗಮನಿಸಿ. ಕೊನೆಯ 20 ಮೀಟರಿಗೆ ನಾಲ್ಕನೇ ಗೇರ್ ಹಾಕ್ಬೇಕಾಗ್ತದೆ ಅಂತಾದ್ರೆ ರೆವ್ ಲಿಮಿಟ್ 200 ಏರಿಸಿದ್ರೆ ಇಲ್ಲ ಟಯರಿನ ಸೈಜಲ್ಲಿ ಸ್ವಲ್ಪ ಆಟ ಆಡಿದ್ರೆ ಆ ಶಿಫ್ಟೇ ಬೇಡ ಆಗ್ತದೆ. ಇಂಥ ಸಣ್ಣ ಲೆಕ್ಕ ಯಾರೂ ಮಾಡುದಿಲ್ಲ, ಎಲ್ಲರಿಗೂ ಟರ್ಬೋ ಬೇಕು.

ಡಿಎಸ್‌ಜಿಯವರಿಗೆ ಟಿಸಿಯು (ಗೇರ್‌ಬಾಕ್ಸಿನ ಕಂಪ್ಯೂಟರ್) ಟ್ಯೂನ್ ಅಂತ ಬೇರೆಯೇ ಉಂಟು, ಶಿಫ್ಟ್ ಪಾಯಿಂಟು, ಕ್ಲಚ್ ಒತ್ತಡ, ಲಾಂಚ್ ಆರ್‌ಪಿಎಂ ಎಲ್ಲ ಅದರಲ್ಲಿ. ವಿಆರ್‌ಎಸ್ 230ರ ವೆಟ್ ಕ್ಲಚ್ (ಎಣ್ಣೆಯಲ್ಲಿ ಮುಳುಗಿದ್ದು) ಡಿಎಸ್‌ಜಿಗೆ ಇದು ದುಡ್ಡಿಗೆ ತಕ್ಕ ಕೆಲಸ. ಡ್ರೈ ಕ್ಲಚ್ಚಿಗೆ ಮಾಡಿಸಿದ್ರೂ ಲಾಂಚುಗಳ ನಡುವೆ ಬಿಡುವು ಕೊಡ್ಲೇ ಬೇಕು. ಒಂದೇ ಚಕ್ರ ಸುಮ್ಮನೆ ತಿರುಗದ ಹಾಗೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಮುಂದಿನ ಚಕ್ರದ ಗಾಡಿಗೆ ನಿಜವಾದ ಔಷಧಿ, ಆದ್ರೆ ಗೇರ್‌ಬಾಕ್ಸ್ ಬಿಚ್ಚುವ ಖರ್ಚು ಸೇರಿ ಅದು ಸೀರಿಯಸ್ ಆದವರಿಗೆ ಮಾತ್ರ.

ತೂಕ

ಬೇಗ ಮುಗಿಸ್ತೇನೆ. ಸ್ಟೆಪ್ನಿ, ಜಾಕ್, ಡಿಕ್ಕಿಯಲ್ಲಿರುವ ಸಬ್‌ವೂಫರ್, ಹಿಂದಿನ ಸೀಟು ತೆಗೀರಿ, ಟ್ಯಾಂಕಲ್ಲಿ ಬೇಕಾದಷ್ಟೇ ಪೆಟ್ರೋಲ್. ನಮ್ಮ ಗಾಡಿಗೆ ಹಿಂದಿನ ತೂಕ ತೆಗೆದ್ರೆ ಡಬಲ್ ಲಾಭ, ಒಟ್ಟು ತೂಕವೂ ಇಳೀತದೆ, ಮುಂದಿನ ಚಕ್ರದ ಮೇಲಿನ ಪಾಲೂ ಏರ್ತದೆ. ಎದುರಿನ ಬಂಪರ್ ಬೀಮ್, ಏರ್‌ಬ್ಯಾಗ್, ಡೋರ್ ಒಳಗಿನ ಬೀಮ್ ಮುಟ್ಟುವ ಹಾಗಿಲ್ಲ, ಅದು ತೂಕ ಅಲ್ಲ, ಜೀವ. ಕಾರ್ಬನ್ ಬಾನೆಟ್ಟಿಗೆ ಹಾಕುವ ದುಡ್ಡಲ್ಲಿ ಎರಡು ಸೆಟ್ ಟಯರ್ ಬರ್ತದೆ ಅನ್ನುದು ನೆನಪಿರ್ಲಿ.

ದೊಡ್ಡ ಟರ್ಬೋನಾ, ದೊಡ್ಡ ಗಾಡಿಯಾ

ಹೈಬ್ರಿಡ್ ಟರ್ಬೋ (ಕಂಪನಿ ಟರ್ಬೋದ ಒಳಗೆ ದೊಡ್ಡ ಚಕ್ರ ಕೂರಿಸಿದ್ದು) ಹಾಕಿಸ್ತೇನೆ ಅಂತ ಹೇಳುವ ವರ್ಟಸ್ ಓನರಿಗೆ ನಾನು ಕೇಳುದು ಒಂದೇ, ಅದರ ಜೊತೆಗೆ ಬರುವ ಖರ್ಚು ಬರೆದು ನೋಡಿದ್ದೀರಾ? ಟರ್ಬೋ ಒಂದೇ ಅಲ್ಲ, ಇಂಟರ್‌ಕೂಲಿಂಗು, ಫ್ಯುಯಲ್ ಪಂಪು, ಕ್ಲಚ್ಚು, ಹೊಸ ಮ್ಯಾಪು, ಆಮೇಲೆ ಡಿಎಸ್‌ಜಿ ಆದ್ರೆ ಗೇರ್‌ಬಾಕ್ಸ್. ಇಷ್ಟೆಲ್ಲ ಮಾಡಿ ಮುಟ್ಟುವ ಜಾಗಕ್ಕೆ ಒಂದು ಸೆಕೆಂಡ್ ಹ್ಯಾಂಡ್ ವಿಆರ್‌ಎಸ್ 245 ಸ್ಟಾಕಲ್ಲೇ ಬಂದು ನಿಲ್ತದೆ, ಅದಕ್ಕೆ ಒಂದು ಮ್ಯಾಪ್ ಹಾಕಿದ್ರೆ ದಾಟಿ ಹೋಗ್ತದೆ. ವಿಆರ್‌ಎಸ್ 230 ಇದ್ದವರಿಗೆ ಮಾತ್ರ ದೊಡ್ಡ ಟರ್ಬೋ ಮಾತು ಸರಿ, ಅದರ ಐಎಸ್20 ಟರ್ಬೋ ತೆಗೆದು ಗಾಲ್ಫ್ ಆರ್‌ನ ಐಎಸ್38 ಹಾಕುದು ಪ್ರಪಂಚ ಪೂರ್ತಿ ಮಾಡಿ ನೋಡಿದ ದಾರಿ, ಪಾರ್ಟ್ಸೂ ಸಿಗ್ತದೆ, ಫೈಲೂ ಸಿಗ್ತದೆ. ಹಾಕಿದ ಮೇಲೆ ಮತ್ತೆ ಟಯರಿಗೇ ಬಂದು ನಿಲ್ತೀರಿ ಅನ್ನುದು ಬೇರೆ ವಿಷಯ.

ಹಾಗಾದ್ರೆ ಯಾರು ಎಂತ ಮಾಡ್ಬೇಕು? ಪೋಲೋ ಜಿಟಿ ಇದ್ರೆ ಟಯರು, ರೀಮ್ಯಾಪು, ಅಲ್ಲಿಗೆ ನಿಲ್ಲಿಸಿ. ಐ20 ಎನ್ ಲೈನ್ ಆದ್ರೆ ಟಯರು, ಇಂಟರ್‌ಕೂಲರು, ಆಮೇಲೆ ಮ್ಯಾಪ್. ವರ್ಟಸ್ ಮ್ಯಾನುವಲ್ ಆದ್ರೆ ಟಯರು, ಮ್ಯಾಪು, ಕ್ಲಚ್ಚು. ವರ್ಟಸ್ ಡಿಎಸ್‌ಜಿ ಆದ್ರೆ ಟಯರು, ತಂಪು, ಮತ್ತೆ ಮಿತಿಯಲ್ಲಿರುವ ಮ್ಯಾಪ್, ಟಾರ್ಕಿನ ಆಸೆ ಬಿಡಿ. ಅಬಾರ್ಥ್ ಪುಂಟೋ ಇದ್ದವರು ಮೊದಲು ಬಿಡಿಭಾಗ ಎಲ್ಲಿ ಸಿಗ್ತದೆ ಅಂತ ನೋಡಿ, ಆಮೇಲೆ ಬೂಸ್ಟ್. ವಿಆರ್‌ಎಸ್‌ನವರು ಟಯರು, ಮ್ಯಾಪು, ಡೌನ್‌ಪೈಪು, ಇಂಟರ್‌ಕೂಲರು, ಟಿಸಿಯು, ಈ ಸಾಲಲ್ಲಿ ಹೋಗಿ.

ಅಳೆಯುದು ಹೇಗೆ

ಒಂದು ಬದಲಾವಣೆ ಮಾಡಿದ್ರೆ ಒಂದನ್ನೇ ಅಳೀರಿ, ಮೂರು ಒಟ್ಟಿಗೆ ಮಾಡಿದ್ರೆ ಯಾವುದಕ್ಕೆ ದುಡ್ಡು ವೇಸ್ಟ್ ಆಯ್ತು ಅಂತ ಗೊತ್ತೇ ಆಗುದಿಲ್ಲ. ಡ್ರ್ಯಾಗಿ ಅಂತ ಸಣ್ಣ ಜಿಪಿಎಸ್ ಡಬ್ಬ ಬರ್ತದಲ್ಲ, ಅದು ಸಾಕು, ಆದ್ರೆ ಅದರಲ್ಲಿ ರೋಲ್‌ಔಟ್ ಸೆಟ್ಟಿಂಗ್ ಆನ್ ಉಂಟಾ ಆಫಾ ಅಂತ ನೋಡ್ಕೊಳ್ಳಿ. ನಿಜವಾದ ಸ್ಟ್ರಿಪ್ಪಲ್ಲಿ ಟಯರು ಬೀಮ್ ಬಿಟ್ಟು ಸುಮಾರು ಒಂದು ಅಡಿ ಮುಂದೆ ಹೋದ್ಮೇಲೆ ಗಡಿಯಾರ ಶುರು ಆಗುದು, ನಿಮ್ಮ ರಿಯಾಕ್ಷನ್ ಟೈಮೂ ಓಟದ ಟೈಮಲ್ಲಿ ಸೇರುದಿಲ್ಲ. ಆ ಒಂದು ಅಡಿಯೇ ರೋಲ್‌ಔಟ್. ಒಬ್ಬ ಆನ್ ಇಟ್ಟು ಇನ್ನೊಬ್ಬ ಆಫ್ ಇಟ್ಟು ಸ್ಕ್ರೀನ್‌ಶಾಟ್ ಜಗಳ ಮಾಡುದು ಎಷ್ಟೋ ನೋಡಿ ಆಯ್ತು. ಟ್ರ್ಯಾಪ್ ಸ್ಪೀಡ್ ಕೂಡ ಬರ್ಕೊಳ್ಳಿ: ಕೊನೆಯ ಸ್ಪೀಡ್ ಏರಿ ಟೈಮ್ ಇಳಿಯದಿದ್ರೆ ಪವರ್ ಬಂದಿದೆ, ಲಾಂಚ್ ಹಾಳಾಗಿದೆ ಅಂತ ಅರ್ಥ. ಟೈಮ್ ಇಳಿದು ಸ್ಪೀಡ್ ಹಾಗೇ ಇದ್ರೆ ಹಿಡಿತ ಸುಧಾರಿಸಿದೆ. ಈ ಎರಡು ನಂಬರ್ ನೋಡಿದ್ರೆ ಮುಂದಿನ ದುಡ್ಡು ಎಲ್ಲಿಗೆ ಅಂತ ಅದೇ ಹೇಳ್ತದೆ.

ಊರಲ್ಲಿ ತೆಗೆದ ಟೈಮನ್ನ ಈವೆಂಟಿನ ಟೈಮ್ ಜೊತೆ ಹಾಗೇ ಹೋಲಿಸ್ಬೇಡಿ. ವ್ಯಾಲಿ ರನ್ ಅನ್ನುವ ಡ್ರ್ಯಾಗ್ ಈವೆಂಟ್ ನಡೆದದ್ದು ಲೋನಾವಳ ಹತ್ರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್ಪಲ್ಲಿ, ಆ ಪ್ರದೇಶ 600 ಮೀಟರಿಗೂ ಮೇಲೆ, ಗಾಳಿಯ ಒತ್ತಡ ನಮ್ಮ ಕಡಲ ತೀರಕ್ಕಿಂತ ಸುಮಾರು 7 ಪರ್ಸೆಂಟ್ ಕಮ್ಮಿ. ಟರ್ಬೋ ಗಾಡಿಯ ಇಸಿಯು ಇದನ್ನ ತುಂಬಿಸ್ಲಿಕ್ಕೆ ನೋಡ್ತದೆ, ಟರ್ಬೋವನ್ನ ಇನ್ನೂ ಜೋರು ತಿರುಗಿಸ್ತದೆ, ಹಾಗಾಗಿ ಇಲ್ಲಿ ಟರ್ಬೋವನ್ನ ಮಿತಿ ತನಕ ಎಳೆದು ಮ್ಯಾಪ್ ಮಾಡಿಸಿದವರಿಗೆ ಅಲ್ಲಿ ತುಂಬಿಸ್ಲಿಕ್ಕೆ ಉಳಿಕೆಯೇ ಇರುದಿಲ್ಲ, ಸ್ವಲ್ಪ ಉಳಿಸಿಟ್ಟವರು ಊರಿನ ಟೈಮಿನ ಹತ್ತಿರವೇ ಬರ್ತಾರೆ. ಇಲ್ಲಿಂದ ಎಂಟು ನೂರು ಕಿಲೋಮೀಟರಿಗೂ ಮೇಲೆ ಓಡಿಸಿಕೊಂಡು ಹೋಗಿ, ಓಡಿಸಿ, ಅದೇ ಗಾಡಿಯಲ್ಲಿ ವಾಪಸ್ ಬರ್ಬೇಕು, ಹಾಗಾಗಿ ಸೆಮಿ ಸ್ಲಿಕ್ಕನ್ನ ಡಿಕ್ಕಿಯಲ್ಲಿ ಹಾಕಿ, ರಸ್ತೆ ಟಯರಲ್ಲಿ ಹೋಗಿ, ಟಾರ್ಕ್ ರೆಂಚು ಮತ್ತೆ ಗಾಳಿ ಹಾಕುವ ಪಂಪ್ ಮರೀಬೇಡಿ.